ಆರು ಚಮಚ, ಮೇಣದಬತ್ತಿ ಮಸಿ

ಬರ್ಮಿಂಗ್‌ಹ್ಯಾಮ್ ಬೆಳ್ಳಿ ಅಂತ ನಾನು ಟೊರಾಂಟೊದ ಭಾನುವಾರದ ಸಂತೆಯಲ್ಲಿ ಮೊದಲು ಕೊಂಡದ್ದು ಅಮೆರಿಕದ ಗೋರಂ ಮಾಲು. ಮುದ್ರೆಯಲ್ಲಿ ಇಂಗ್ಲಿಷ್ ಬೆಳ್ಳಿಗೆ ಒತ್ತುವಂಥ ಸಿಂಹ ಇತ್ತು, ಬರ್ಮಿಂಗ್‌ಹ್ಯಾಮಿನ ಗುರುತಾದ ಲಂಗರು ಇತ್ತು, ಜಿ ಇತ್ತು. ಜಿ ಅಂದರೆ ವರ್ಷದ ಅಕ್ಷರ ಅಂದುಕೊಂಡೆ, ಅದು ಗೋರಂ ಹೆಸರಿನ ಮೊದಲಕ್ಷರ! 180 ಡಾಲರ್ ಕೊಟ್ಟದ್ದಕ್ಕೆ 95 ಬಂತು. 1784ರಿಂದ 1890ರವರೆಗಿನ ಇಂಗ್ಲಿಷ್ ಮಾಲಾದರೆ ಸುಂಕ ಕಟ್ಟಿದ ಗುರುತಿಗೆ ರಾಜನದೋ ರಾಣಿಯದೋ ತಲೆ ಬೇಕಲ್ಲ ಅಂತ ಹೊಳೆಯಲೇ ಇಲ್ಲ.

ಆಮೇಲೆ ಒರೆಗಲ್ಲು ಹಿಡಿದೆ. ಸೋದರಮಾವ ಚಿನಿವಾರರು, ಊರಿಂದಲೇ ಕಳಿಸಿದ್ದರು. ಅಮೆರಿಕದ ನಾಣ್ಯದ ಬೆಳ್ಳಿಯಲ್ಲಿ ಸಾವಿರಕ್ಕೆ 900 ಪಾಲು ಶುದ್ಧ ಬೆಳ್ಳಿ, ಇಂಗ್ಲಿಷರ ಸ್ಟರ್ಲಿಂಗಿನಲ್ಲಿ 925. ಕಲ್ಲಿನ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ. ಆಸಿಡ್ ಚೆಲ್ಲಿ ಅಡುಗೆಕಟ್ಟೆ ಹಾಳಾಯಿತು, ಅದರ ರಿಪೇರಿ ಬೇರೆ.

ಕೊನೆಗೆ ಕೈಹಿಡಿದದ್ದು ಮಸಿ. ಮುದ್ರೆಗೆ ಮೇಣದಬತ್ತಿ ಹೊಗೆ ಹಿಡಿದು, ಸೆಲ್ಲೋಟೇಪ್ ಒತ್ತಿ ಎಬ್ಬಿಸಿ, ಬಿಳಿ ಕಾಗದಕ್ಕೆ ಅಂಟಿಸುವುದು. ಇದು ಹಳೇ ಉಪಾಯವೇ. ನಾನು ಲಂಡನ್ನಿನದು ಅಂತ ಕೊಂಡಿದ್ದ ಸೆಟ್ಟಿನ ಆರೂ ಚಮಚದ್ದು ತೆಗೆದು ಒಂದರ ಕೆಳಗೊಂದು ಅಂಟಿಸಿದೆ. ಕಾಡಿಗೆಯಲ್ಲೂ ನೋಡಿದೆ, ಎಣ್ಣೆಯಂಶಕ್ಕೆ ಎಲ್ಲ ಕಲಸಿಹೋಯಿತು. ಹಿಡಿಕೆ ಕಾದು ಬೆರಳೂ ಸುಟ್ಟಿತು.

18ನೇ ಶತಮಾನದ ಕೊನೆಯಿಂದ ಲಂಡನ್ನಿನಲ್ಲಿ ಚಮಚಕ್ಕೆ ಸಿಂಹ, ಊರಿನ ಗುರುತಾದ ಚಿರತೆ ತಲೆ, ವರ್ಷದ ಅಕ್ಷರ, ರಾಜನ ತಲೆ ಎಲ್ಲ ಒಂದೇ ಅಚ್ಚಿನಲ್ಲಿ ಬೀಳುತ್ತಿದ್ದವು. ಹಾಗಾಗಿ ನಿಜವಾದ ಲಂಡನ್ ಸೆಟ್ಟಾದರೆ ಆರರಲ್ಲೂ ಮುದ್ರೆಗಳ ನಡುವಿನ ಅಂತರ ಒಂದೇ. ಅಕ್ಕಸಾಲಿಗ ತಾನೇ ಒತ್ತಿದ ಹೆಸರಿನ ಮುದ್ರೆ ಮಾತ್ರ ಅತ್ತಿತ್ತ ವಾಲುತ್ತದೆ. ನನ್ನ ಸೆಟ್ಟಿನಲ್ಲಿ ಸಿಂಹವೇ ಕುಣಿಯುತ್ತಿತ್ತು! ರಾಣಿಯ ತಲೆಯಿಂದ ಒಂದರಲ್ಲಿ ಕೂದಲೆಳೆ ದೂರ, ಇನ್ನೊಂದರಲ್ಲಿ ಅಕ್ಕಿಕಾಳಿನಷ್ಟು. ವರ್ಷದ ಅಕ್ಷರ ಇಲ್ಲ, ಊರಿನ ಗುರುತಿಲ್ಲ. "ಉಜ್ಜಿ ಉಜ್ಜಿ ಸವೆದಿದೆ ಕಣಯ್ಯ, ಮಸಿ ನೋಡಿ ಶಕುನ ಹೇಳ್ತೀಯಾ" ಅಂದರು ಹಿರಿಯ ಸ್ನೇಹಿತರು. ಆರರಲ್ಲೂ ಅದೇ ಎರಡು ಮುದ್ರೆ ಸವೆದು, ಪಕ್ಕದ ಸಿಂಹದ ಬಾಲ ಹಾಗೇ ಉಳಿಯುತ್ತದೆಯೇ? ಹೆಸರಿನ ಮುದ್ರೆಯ ಆರ್ ಎಚ್ ಅಕ್ಷರ ಹಿಡಿದು ಹುಡುಕಿದೆ: ಲಂಡನ್ನಿನವನಲ್ಲ, ಕೆನಡಾದ ಮಾಂಟ್ರಿಯಲ್ಲಿನ ಅಕ್ಕಸಾಲಿಗ ರಾಬರ್ಟ್ ಹೆಂಡರಿ.

ಲಂಡನ್ ಮಾಲು ಅಂತ 210ಕ್ಕೋ 220ಕ್ಕೋ ಕೊಂಡದ್ದು, ಕೆನಡಾದ ಬೆಳ್ಳಿಯನ್ನೇ ಕೂಡಿಡುವವರೊಬ್ಬರಿಗೆ ಹತ್ತಿರಹತ್ತಿರ 500ಕ್ಕೆ ಹೋಯಿತು. ಸಿಂಹದ ಯಾವ ಕಾಲನ್ನು ಮೊದಲು ನೋಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಅದೇ ಸ್ನೇಹಿತರು ಮೊನ್ನೆ ಸೂಪಿನ ಸೌಟೊಂದನ್ನು ತಂದುಕೊಟ್ಟರು. ಒಂಟಿ ಸೌಟು, ಜೊತೆಗಿಟ್ಟು ನೋಡಲು ಇನ್ನೊಂದಿಲ್ಲ. ವಾರವಾಯಿತು, ನನ್ನ ಮೇಜಿನ ಮೇಲೇ ಇದೆ.