ನಿಮ್ಮೂರ ಕಾಲುವೆಯ ತೂಬುಗಳಿಂದಲೇ ಜಿಐಎಸ್ ಕಲಿಯಿರಿ

ಜಿಐಎಸ್ (ಅಂದರೆ ಜಾಗಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿ ಜೋಡಿಸುವ ವಿದ್ಯೆ) ಕಲೀಬೇಕು, ಎಲ್ಲಿಂದ ಶುರು ಮಾಡೋದು ಅಂತ ಸಿಂಧನೂರು, ಮಾನ್ವಿ ಕಡೆಯ ಹುಡುಗರು ಕೇಳುತ್ತಿರುತ್ತಾರೆ. ನಾನು ಹೇಳೋದು, ಊರಿನ ಒಂದು ಪ್ರಶ್ನೆ ಹಿಡಿದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುತ್ತದೆ. ಮೇಲಿನ ಗದ್ದೆಗಳಲ್ಲಿ ನೀರು ನಿಂತಿರುವಾಗ ಕೊನೆ ಭಾಗದ ರೈತರು ಮೈಲು 104ರ ಗೇಜಿನಲ್ಲಿ ಎಷ್ಟು ಅಡಿ ಇದೆ ಅಂತ ವಿಚಾರಿಸುತ್ತಾ ಕಾಯುತ್ತಿರುತ್ತಾರೆ. ನಿಮ್ಮ ಉಪಕಾಲುವೆಯಲ್ಲಿ ಎಷ್ಟು ತೂಬುಗಳಿವೆ, ಯಾವುದರ ಗೇಟು ಕೆಟ್ಟಿದೆ, ನೀರು ಎಲ್ಲಿವರೆಗೆ ಮುಟ್ಟುತ್ತದೆ? ಇದನ್ನು ನಕ್ಷೆ ಮಾಡಲು ಹೊರಟರೆ ಜಿಐಎಸ್‌ನಲ್ಲಿ ಬೇಕಾದ ಮುಕ್ಕಾಲು ಪಾಲು ತಾನಾಗೇ ಬರುತ್ತದೆ.

ಮೊದಲು ಕಾಲುವೆ ಏರಿ ಮೇಲೆ ನಡೆಯಿರಿ. ಫೋನಿನಲ್ಲಿ ಎಸ್‌ಡಬ್ಲ್ಯೂ ಮ್ಯಾಪ್ಸ್ ಅಥವಾ ಕ್ಯೂಫೀಲ್ಡ್ ಆ್ಯಪ್ ಇರಲಿ, ಎರಡೂ ಪುಕ್ಕಟೆ. ಪ್ರತಿ ತೂಬಿನ ಮೇಲೆ ನಿಂತು ಅರ್ಧ ನಿಮಿಷ ಕಾಯಿರಿ. ತೆರೆಯ ಮೇಲೆ ತೋರಿಸುವ ತಪ್ಪಿನ ಅಂತರ 5 ಮೀಟರಿಗಿಂತ ಕಡಿಮೆಯಾದ ಮೇಲೆ ಚುಕ್ಕೆ ಉಳಿಸಿ. ನಾನು ಮೊದಲ ಸಲ ಬಿಸಿಲಿಗೆ ಅಂತ ಬೇವಿನ ಮರದ ಕೆಳಗೆ ನಿಂತು ನಾಲ್ಕು ಚುಕ್ಕೆ ಹಾಕಿದ್ದೆ, ನಾಲ್ಕೂ ಕಾಲುವೆಯ ಆಚೆ ದಂಡೆಗೆ ಹೋಗಿ ಬಿದ್ದಿದ್ದವು, ಮರುದಿನ ಮತ್ತೆ ನಡೆಯಬೇಕಾಯಿತು. ಬಯಲಲ್ಲೇ ನಿಲ್ಲಿ.

ಚುಕ್ಕೆಯ ಜೊತೆ ಏನು ಬರೆದುಕೊಳ್ಳಬೇಕು ಅನ್ನೋದನ್ನು ಮನೆಯಲ್ಲೇ ತೀರ್ಮಾನಿಸಿ. ತೂಬಿನ ಹೆಸರು, ಗೇಟಿನ ಸ್ಥಿತಿ, ಅವತ್ತು ನೀರು ಇತ್ತಾ ಇಲ್ವಾ, ತಾರೀಖು, ಒಂದು ಫೋಟೋ. ಇಷ್ಟೇ ಸಾಕು. ಗೇಟಿನ ಸ್ಥಿತಿಗೆ 'ಸರಿ', 'ತುಕ್ಕು', 'ಗೇಟಿಲ್ಲ' ಅಂತ ಮೂರೇ ಪದ ಇಟ್ಟುಕೊಳ್ಳಿ. ಒಮ್ಮೆ 'ತುಕ್ಕು', ಇನ್ನೊಮ್ಮೆ 'ತುಕ್ಕು ಹಿಡಿದಿದೆ' ಅಂತ ಬರೆದರೆ ಆಮೇಲೆ ಬಣ್ಣ ಹಚ್ಚುವಾಗ ಕಂಪ್ಯೂಟರ್ ಅವನ್ನು ಬೇರೆ ಬೇರೆ ಅಂತಲೇ ಎಣಿಸುತ್ತದೆ.

ಈಗ ಕಂಪ್ಯೂಟರ್. ಕ್ಯೂಜಿಐಎಸ್ ಹಾಕಿಕೊಳ್ಳಿ. ಇದು ಎಲ್ಲರಿಗೂ ಮುಕ್ತವಾದ ಸಾಫ್ಟ್‌ವೇರ್, 2002ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ. ಎಡಗಡೆ ಬ್ರೌಸರ್ ಪಟ್ಟಿಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಎರಡು ಸಲ ಒತ್ತಿದರೆ ಹಿನ್ನೆಲೆ ನಕ್ಷೆ ಬರುತ್ತದೆ. ನಿಮ್ಮ ಚುಕ್ಕೆಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲ್ ಆಗಿ, ಯುಟಿಎಫ್-8ರಲ್ಲಿ ಉಳಿಸಿ, 'ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್' ಮೂಲಕ ಸೇರಿಸಿ. ಲೇಯರ್ ಅಂದರೆ ನಕ್ಷೆಯ ಮೇಲಿನ ಒಂದು ಪದರ. ಯುಟಿಎಫ್-8 ಮರೆತರೆ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಕಾಣುತ್ತವೆ.

ಸೇರಿಸುವಾಗ ಎಕ್ಸ್ ಯಾವ ಕಾಲಂ, ವೈ ಯಾವ ಕಾಲಂ ಅಂತ ಕೇಳುತ್ತದೆ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಸಿಂಧನೂರಿನ ಸುತ್ತ ರೇಖಾಂಶ 76ರ ಮೇಲೆ, ಅಕ್ಷಾಂಶ 15ರ ಮೇಲೆ. ಇವೆರಡು ಅದಲುಬದಲಾದರೆ ನಿಮ್ಮ ತೂಬುಗಳು ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹಿಮದ ಸಮುದ್ರದಲ್ಲಿ ಕಾಣುತ್ತವೆ. ಚುಕ್ಕೆ ಕಾಣ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳೋದೇ ಇದನ್ನು.

ಇನ್ನೊಂದು ವಿಷಯ ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಿ. ಫೋನು ಕೊಡುವ ಅಳತೆ ಡಿಗ್ರಿಯಲ್ಲಿರುತ್ತದೆ. ಜಿಐಎಸ್‌ನಲ್ಲಿ ಪ್ರತಿ ಅಳತೆ ಪದ್ಧತಿಗೂ ಇಪಿಎಸ್‌ಜಿ ಅನ್ನೋ ಒಂದು ಸಂಖ್ಯೆ ಇರುತ್ತದೆ, ಇದರದ್ದು 4326. ಪ್ರತಿ ತೂಬಿನ ಸುತ್ತ 100 ಮೀಟರ್ ಬಳೆ ಎಳೆಯಬೇಕು ಅಂತ ಬಫರ್‌ಗೆ 100 ಕೊಟ್ಟರೆ ಅದು 100 ಡಿಗ್ರಿ ಅಂತ ತಿಳಿದು ಅರ್ಧ ಭೂಮಿಯನ್ನೇ ಮುಚ್ಚಿಬಿಡುತ್ತದೆ. ಮೊದಲು ಲೇಯರನ್ನು ಮೀಟರ್ ಲೆಕ್ಕದ 32643ಕ್ಕೆ ಬದಲಿಸಿ ಉಳಿಸಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರಕ್ಕೂ ಇದೇ ನಡೆಯುತ್ತದೆ, ಯಾಕಂದರೆ ಮೂರೂ ಊರು 72ರಿಂದ 78 ಡಿಗ್ರಿ ರೇಖಾಂಶದ 43ನೇ ಯುಟಿಎಂ ವಲಯದಲ್ಲಿವೆ (ಮೀಟರ್ ಲೆಕ್ಕಕ್ಕೆ ಅಂತ ಭೂಮಿಯನ್ನು ಉದ್ದುದ್ದ ಸೀಳಿದ ಪಟ್ಟಿಗಳಲ್ಲಿ ಒಂದು). ಉಳಿಸುವಾಗ ಫೈಲಿನ ಬಗೆಯಲ್ಲಿ ಜಿಯೋಪ್ಯಾಕೇಜ್ ಆರಿಸಿ, ಎಲ್ಲಾ ಒಂದೇ ಫೈಲಿನಲ್ಲಿರುತ್ತದೆ. ಶೇಪ್‌ಫೈಲ್ ಹಳೆಯದು, ಒಂದೇ ಲೇಯರ್‌ಗೆ ಮೂರ್ನಾಲ್ಕು ಫೈಲ್ ಆಗುತ್ತದೆ, ಒಂದು ಬಿಟ್ಟು ಕಳಿಸಿದರೆ ಆ ಕಡೆಯವರಿಗೆ ಸರಿಯಾಗಿ ತೆರೆಯೋದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಉಪಗ್ರಹದ ಚಿತ್ರ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಸೆಂಟಿನೆಲ್-2 ಚಿತ್ರಗಳು ಪುಕ್ಕಟೆ ಸಿಗುತ್ತವೆ, ಸುಮಾರು 5 ದಿನಕ್ಕೊಂದು. ಅದರ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 33 ಅಡಿ ಚೌಕ, ಅದು 101 ಚದರ ಮೀಟರ್. ಅಂದರೆ ಆಕಾಶದಿಂದ ಕಾಣುವ ಒಂದು ಚೌಕ ಹೆಚ್ಚುಕಡಿಮೆ ಒಂದು ಗುಂಟೆ, ಅಂಥ 40 ಸೇರಿದರೆ ಒಂದು ಎಕರೆ! ಇದನ್ನು ಹೇಳಿದ ಮೇಲೆ ಯಾವ ರೈತರಿಗೂ ಆ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳ ಚಿತ್ರ ತೆಗೆಯಿರಿ, ಆಗ ಮೋಡ ಕಡಿಮೆ, ಎರಡನೇ ಬೆಳೆ ಎಲ್ಲಿದೆ ಅನ್ನೋದು ಸ್ಪಷ್ಟ. ಹಸಿರು ತೋರಿಸುವ ಎನ್‌ಡಿವಿಐ ಆರಿಸಿ, ಮೇಲೆ ನಿಮ್ಮ ತೂಬುಗಳನ್ನು ಇಡಿ. ಹಸಿರು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಹಸಿರು ಕಂಡಲ್ಲೆಲ್ಲಾ ಕಾಲುವೆ ನೀರು ಬಂದಿದೆ ಅಂತ ಮಾತ್ರ ಬರೆಯಬೇಡಿ, ಅದು ಬೋರಿನ ನೀರೂ ಇರಬಹುದು, ಹಳ್ಳಕ್ಕೆ ಪಂಪ್ ಇಟ್ಟಿರಲೂಬಹುದು. ಹೋಗಿ ಕೇಳಿ.

ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ್ದು ಸಿಗುತ್ತದೆ. ಹದ್ದುಬಸ್ತಿನ ಜಗಳಕ್ಕೆ ಅದನ್ನು ದಾಖಲೆ ಅಂತ ಒಯ್ಯಬೇಡಿ, ಅದಕ್ಕೆ ಸರ್ವೆಯವರೇ ಬಂದು ಅಳೀಬೇಕು.

ಆನ್‌ಲೈನ್‌ನಲ್ಲಿ ಹಂಚೋಕೆ ಯುಮ್ಯಾಪ್ ಸುಲಭ. ಲೇಯರನ್ನು ಜಿಯೋಜೇಸನ್ ಆಗಿ ಉಳಿಸಿ ಅಲ್ಲಿ ಏರಿಸಿದರೆ ಒಂದು ಲಿಂಕ್ ಸಿಗುತ್ತದೆ, ವಾಟ್ಸಾಪ್‌ನಲ್ಲಿ ಕಳಿಸಬಹುದು. ಏರಿಸುವ ಮುಂಚೆ ರೈತರ ಹೆಸರು, ಫೋನ್ ನಂಬರ್ ಇರುವ ಕಾಲಂ ಅಳಿಸಿ. ಕಾಲುವೆ, ದಾರಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ, ಕನ್ನಡ ಹೆಸರಿಗೆ ಅಲ್ಲಿ ಬೇರೆ ಜಾಗವೇ ಇದೆ. ಗೂಗಲ್ ನಕ್ಷೆ ನೋಡಿ ನಕಲು ಮಾತ್ರ ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ.

ಕೊನೆಗೆ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ, ಪೆನ್ನಿನ ಜೊತೆ ಊರಿನ ಚಹಾದಂಗಡಿಯ ಬೆಂಚಿನ ಮೇಲೆ ಹರಡಿ. ನಾನು ಹಾಗೆ ಹರಡಿದಾಗ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟರು: "ತಮ್ಮಾ, ಇದು ಜಾಲಿಗಿಡದ ತೂಬಲ್ಲ, ಅದು ಇನ್ನೂ ಮುಂದೈತಿ. ಇಲ್ಲಿ ಇನ್ನೊಂದಿತ್ತು, ಹೂಳಾಗಿ ಮುಚ್ಚಿಹೋಗೈತಿ." ಸಂಜೆ ಅವರನ್ನೇ ಗಾಡಿ ಮೇಲೆ ಕೂರಿಸಿಕೊಂಡು ಹೋದೆ. ಹುಲ್ಲು ಸರಿಸಿದಾಗ ಕಲ್ಲಿನ ಬಾಯಿ ಕಾಣಿಸಿತು, ಪಟ್ಟಿಗೆ ಇನ್ನೊಂದು ಚುಕ್ಕೆ ಸೇರಿತು.