ಕ್ಲಿಕ್ ಮಾಡುವ ಮೊದಲು ಎರಡು ಹೆಜ್ಜೆ ಆಚೀಚೆ

ಹಳ್ಳಿ ಕಡೆ ಹೋದಾಗ ಎಲ್ಲರೂ ಫೋಟೋ ತೆಗೆಯುತ್ತಾರೆ. ಮನೆಗೆ ಬಂದು ನೋಡಿದರೆ ಸಪ್ಪೆ. ಅಲ್ಲಿ ನಿಂತಾಗ ಅಷ್ಟು ಚೆನ್ನಾಗಿತ್ತಲ್ಲ, ಫೋಟೋದಲ್ಲಿ ಯಾಕೆ ಏನೂ ಇಲ್ಲ? ಏನೂ ಇಲ್ಲ ಅಂತಲ್ಲ, ಎಲ್ಲವೂ ಇದೆ, ಅದೇ ತೊಂದರೆ. ಹೊಲ, ಮರ, ದನ, ಕರೆಂಟು ಕಂಬ, ಯಾರದೋ ಬೈಕು, ಅರ್ಧ ಕಾಣುವ ಮನೆ. ನಮ್ಮ ಕಣ್ಣು ಬೇಕಾದ್ದನ್ನು ಮಾತ್ರ ಆರಿಸಿಕೊಂಡು ನೋಡುತ್ತದೆ. ಕ್ಯಾಮೆರಾಗೆ ಆ ಬುದ್ಧಿ ಇಲ್ಲ.

ಹಾಗಾಗಿ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಇಲ್ಲಿ ನಿಂತಿದ್ದು ಯಾವುದನ್ನು ನೋಡಿ? "ಜಾಗ ಚೆನ್ನಾಗಿದೆ" ಅನ್ನೋದು ಉತ್ತರ ಅಲ್ಲ. "ಆ ಎಮ್ಮೆ ಬೆನ್ನ ಮೇಲೆ ಕೂತ ಬೆಳ್ಳಕ್ಕಿ" ಅನ್ನೋದು ಉತ್ತರ. ಅದು ಸಿಕ್ಕಿದ ಮೇಲೆ ಫ್ರೇಮಿನಲ್ಲಿ ಇರುವ ಬೇರೆ ಪ್ರತಿಯೊಂದಕ್ಕೂ ಕೇಳಿ, ನೀನು ಇಲ್ಲಿ ಯಾಕಿದ್ದೀಯ ಅಂತ. ಕೆಲಸ ಇಲ್ಲದ್ದನ್ನು ಹೊರಗೆ ಕಳಿಸಿ. ಕಳಿಸೋದು ಹೇಗೆ? ಹೆಚ್ಚಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು.

ಒಂದು ಉದಾಹರಣೆ ಹೇಳ್ತೀನಿ. ಮಣ್ಣಿನ ಗೋಡೆಗೆ ಒಂದು ಹಳೇ ಸೈಕಲ್ ಒರಗಿಸಿತ್ತು. ಮಧ್ಯಾಹ್ನ ತೆಗೆದ ಫೋಟೋದಲ್ಲಿ ಅದು ಬರೀ ಸೈಕಲ್, ಮಾರಾಟಕ್ಕೆ ಇಟ್ಟ ಹಾಗೆ. ಸಂಜೆ ಮತ್ತೆ ಹೋದೆ. ಬಿಸಿಲು ಗೋಡೆಯ ಪಕ್ಕದಿಂದ ಓರೆಯಾಗಿ ಬೀಳುತ್ತಿತ್ತು, ಮಣ್ಣಿನ ಜೊತೆ ಕಲಸಿದ್ದ ಹುಲ್ಲಿನ ಎಳೆ ಕೂಡ ಒಂದೊಂದೇ ಎದ್ದು ಕಾಣುತ್ತಿತ್ತು, ಚಕ್ರದ ಕಡ್ಡಿಗಳ ನೆರಳು ಗೋಡೆಯ ಮೇಲೆ ಉದ್ದಕ್ಕೆ ಹರಡಿತ್ತು. ಆಗ ಗೊತ್ತಾಯಿತು, ಫೋಟೋ ಸೈಕಲ್ಲಿನದಲ್ಲ, ಆ ನೆರಳಿನದು. ಬಲಗಡೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇತ್ತು, ಎಡಕ್ಕೆ ಸರಿದೆ, ಹೋಯಿತು. ನಿಂತು ನೋಡಿದರೆ ಹ್ಯಾಂಡಲ್ ಸರಿಯಾಗಿ ಕಿಟಕಿಯ ಅಂಚಿಗೆ ಅಂಟಿಕೊಳ್ಳುತ್ತಿತ್ತು, ಮಂಡಿಯೂರಿದ ಮೇಲೆ ಎರಡೂ ಬಿಟ್ಟುಕೊಂಡವು. ಆಮೇಲೆ ಸುಮ್ನೆ ಕಾದೆ. ಯಾರಾದರೂ ಬಾಗಿಲಿಗೆ ಬರ್ತಾರೆ ಅಂದುಕೊಂಡಿದ್ದೆ, ಬಂದಿದ್ದು ಒಂದು ಕೋಳಿ. ಚಕ್ರದ ನೆರಳಿನೊಳಗೆ ನಿಂತು ಒಂದು ಕಾಲೆತ್ತಿತು. ಅಷ್ಟೇ ಸಾಕಿತ್ತು.

ಜಾಗ ಮೊದಲು ಸಿದ್ಧ ಮಾಡಿಕೊಂಡು ಆಮೇಲೆ ಪಾತ್ರಧಾರಿಗೆ ಕಾಯೋದು ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟ ರೂಢಿ. ದನದ ಹಿಂದೆ ಓಡಿದರೆ ಸಿಗೋದು ದನದ ಬಾಲ. ಅವು ದಿನಾ ಹೋಗುವ ದಾರಿಯ ತಿರುವಿನಲ್ಲಿ ನಿಂತರೆ ಮುಖ ಸಿಗುತ್ತದೆ, ಹಿಂದಿನಿಂದ ಬಿಸಿಲಿದ್ದರೆ ಎದ್ದ ಧೂಳು ಹೊಳೆಯುತ್ತದೆ, ಮೈಕೂದಲಿನ ಸುತ್ತ ಬೆಳಕಿನ ಗೆರೆ ಮೂಡುತ್ತದೆ.

ಬೆಳಕಿನ ವಿಷಯ ಬಂತು ಅಲ್ವಾ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಎಲ್ಲರೂ ಹೇಳುವುದೇ, ಸರಿಯೂ ಹೌದು. ಆದರೆ ನಡುಮಧ್ಯಾಹ್ನವೇ ಹೋಗಬೇಕಾಗಿ ಬಂದರೆ? ಬಾಗಿಲು ಹುಡುಕಿ. ಕೊಟ್ಟಿಗೆಯೋ ಮನೆಯೋ, ಹೊಸ್ತಿಲಿಗಿಂತ ಎರಡು ಅಡಿ ಒಳಗೆ ನೆರಳಲ್ಲಿ ಕೂತವರ ಮುಖಕ್ಕೆ ಹೊರಗಿನ ನೆಲದಿಂದ ಚಿಮ್ಮಿದ ಬೆಳಕು ಮೆತ್ತಗೆ ಬೀಳುತ್ತದೆ, ಹಿಂದೆ ಕತ್ತಲೆ ಇರುವುದರಿಂದ ಹಿನ್ನೆಲೆಯ ತಲೆನೋವೂ ಇಲ್ಲ. ಮೋಡ ಕವಿದಿದ್ದರೆ ಬಿಳೀ ಆಕಾಶವನ್ನು ಬಿಟ್ಟುಬಿಡಿ, ಕೈ, ಹಗ್ಗ, ಎಲೆ, ಒದ್ದೆ ಮಣ್ಣು ಹೀಗೆ ಹತ್ತಿರದ್ದನ್ನು ತೆಗೆಯಿರಿ.

ಕ್ಯಾಮೆರಾಗೆ ಇನ್ನೊಂದು ದಡ್ಡತನ ಇದೆ. ಫ್ರೇಮ್ ತುಂಬಾ ಏನೇ ಇದ್ದರೂ ಅದು ಮಧ್ಯಮ ಬೂದು ಅಂದುಕೊಂಡೇ ಲೆಕ್ಕ ಹಾಕುತ್ತದೆ. ಅದಕ್ಕೇ ಫ್ರೇಮ್ ತುಂಬಿದ ಬಿಳೀ ಹಸು ಮಂಕಾಗುತ್ತದೆ, ಕರೀ ಎಮ್ಮೆ ಬೂದಿ ಬಳಿದ ಹಾಗೆ ಕಾಣುತ್ತದೆ. ಹಸುವಿಗೆ ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳಗಿರಬೇಕು ಅನ್ನೋ ಅಳತೆ) +1 ಕಡೆಗೆ, ಎಮ್ಮೆಗೆ -1 ಕಡೆಗೆ ತಿರುಗಿಸಿ. ಫೋನಿನಲ್ಲಾದರೆ ಪರದೆ ಒತ್ತಿದಾಗ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರಾಯಿತು. ಇನ್ನು ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು: ನಡೆಯುವವರಿಗೆ 1/250 ಸೆಕೆಂಡು ಸಾಕು, ಓಡುವ ಕರುವಿಗೆ 1/1000 ಬೇಕು.

ಈಗ ಮೂರು ಪಾಲಿನ ನಿಯಮ, ಇಂಗ್ಲಿಷಿನಲ್ಲಿ ರೂಲ್ ಆಫ್ ಥರ್ಡ್ಸ್. ಈ ಹೆಸರು ಬಂದಿದ್ದೇ ಹಳ್ಳಿ ಚಿತ್ರಗಳಿಂದ ಅಂತ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಚಿತ್ರಕಾರ ಹಳ್ಳಿಗಾಡಿನ ದೃಶ್ಯಗಳ ಮೇಲೆ ಬರೆದ ಪುಸ್ತಕದಲ್ಲಿ ಅದನ್ನು ಹೀಗೆ ಕರೆದ. ಅವನು ಹೇಳಿದ್ದು ಪಾಲಿನ ಮಾತು: ಆಕಾಶ ಮೂರರಲ್ಲಿ ಎರಡು ಪಾಲು ಇರಲಿ, ಇಲ್ಲಾ ಒಂದು ಪಾಲು ಇರಲಿ, ಅರ್ಧಕ್ಕರ್ಧ ಬೇಡ. ನಾವು ಅದನ್ನು ಬಿಟ್ಟು ಫೋನಿನ ಪರದೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡುವ ಗೆರೆಗಳು ಕೂಡುವ ಚುಕ್ಕಿಯ ಮೇಲೆ ಎಲ್ಲವನ್ನೂ ಕೂರಿಸೋಕೆ ಒದ್ದಾಡ್ತೀವಿ. ನಾನಂತೂ ಸ್ಮಿತ್ ಹೇಳಿದಷ್ಟನ್ನೇ ಇಟ್ಟುಕೊಂಡಿದ್ದೇನೆ. ಮೋಡ ಚೆನ್ನಾಗಿದ್ದರೆ ಆಕಾಶಕ್ಕೆ ಜಾಸ್ತಿ ಜಾಗ, ನೇಗಿಲ ಸಾಲು ಚೆನ್ನಾಗಿದ್ದರೆ ನೆಲಕ್ಕೆ.

ನೇಗಿಲ ಸಾಲು, ಕಾಲುದಾರಿ, ಬೇಲಿ ಇವೆಲ್ಲ ಕಣ್ಣನ್ನು ಎಳೆದುಕೊಂಡು ಹೋಗುತ್ತವೆ ನಿಜ, ಆದರೆ ಎಲ್ಲಿಗೆ? ಕೊನೆಯಲ್ಲಿ ಒಂದು ಮರವೋ ಮನುಷ್ಯನೋ ಇಲ್ಲದಿದ್ದರೆ ಕಣ್ಣು ಅಲ್ಲಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರುತ್ತದೆ. ಫೋನಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವುದರಿಂದ ದೂರದ ಮನುಷ್ಯ ಇರುವೆಯಷ್ಟಾಗುತ್ತಾನೆ. ಬೆರಳಲ್ಲಿ ಜೂಮ್ ಮಾಡೋದಕ್ಕಿಂತ ನಡೆದು ಹತ್ತಿರ ಹೋಗಿ.

ಜನರ ಫೋಟೋ ಕೇಳಿಯೇ ತೆಗೆಯಿರಿ. ಕೇಳಿದ ಕೂಡಲೇ ಸೆಟೆದು ನಿಲ್ಲುತ್ತಾರೆ, ಅದನ್ನೂ ತೆಗೆದು ತೋರಿಸಿ, ನಗಲಿ. ಆಮೇಲೆ ಅಲ್ಲೇ ಇರಿ. ಐದು ನಿಮಿಷಕ್ಕೆ ಅವರ ಕೈ ಮತ್ತೆ ಕೆಲಸಕ್ಕೆ ಹೋಗುತ್ತದೆ, ನಿಮಗೆ ಬೇಕಾಗಿದ್ದು ಆಗ. ಬಗ್ಗಿ ಕೆಲಸ ಮಾಡುವವರನ್ನು ನಿಂತು ತೆಗೆದರೆ ಬರೀ ಬೆನ್ನು ಬರುತ್ತದೆ, ನೀವೂ ಕೂರಿ. ಆಕಾಶ ನೆಲ ಸೇರುವ ಗೆರೆ ಅವರ ಕುತ್ತಿಗೆಯನ್ನು ಕತ್ತರಿಸದ ಹಾಗೆ, ತಲೆಯಿಂದ ಕಂಬ ಹುಟ್ಟದ ಹಾಗೆ ನೋಡಿಕೊಳ್ಳಿ.

ಇನ್ನು ಎಡಿಟಿಂಗ್. ವಾಲಿದ್ದರೆ ನೇರ ಮಾಡಿ, ಅಂಚಿನಲ್ಲಿ ಇಣುಕುವ ಕೊಂಬೆ ಕತ್ತರಿಸಿ. ಹಸಿರು ಮಾತ್ರ ಏರಿಸಬೇಡಿ. ಎಳೇ ಪೈರಿಗೆ ಹಳದಿ ಕಲೆತ ಒಂದು ಬಣ್ಣ ಇರುತ್ತದೆ, ಸ್ವಲ್ಪ ಎಳೆದರೆ ಸಾಕು, ಇಡೀ ಹೊಲ ಪ್ಲಾಸ್ಟಿಕ್ ಹುಲ್ಲಾಗಿಬಿಡುತ್ತದೆ.