ರಾಯಚೂರು ಕೋಟೆಯ ಇತಿಹಾಸವನ್ನು ಗೆಳೆಯರೊಡನೆ ಆಡಿ ನೋಡುವ ನನ್ನ ರೂಢಿ

ಪರಊರಿನಿಂದ ಬಂದ ಗೆಳೆಯರಿಗೆ ರಾಯಚೂರು ಕೋಟೆಯನ್ನು ತೋರಿಸುವಾಗ ಇಸವಿಗಳನ್ನು ಒಪ್ಪಿಸುತ್ತ ನಡೆಯುವುದಕ್ಕಿಂತ, ಇಲ್ಲಿ ಹಿಂದೆ ನಡೆದ ಕೆಲಸಗಳನ್ನು ಅವರಿಂದಲೇ ಆಟವಾಗಿ ಮಾಡಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಕಿರೀಟ, ರಟ್ಟಿನ ಕತ್ತಿ, ಜರಿಯ ಶಾಲು ಇವನ್ನು ಬಳಸುವುದಿಲ್ಲ. ಅವು ಬಂದ ಕೂಡಲೇ ಎಲ್ಲರ ಗಮನ ಫೋಟೊದ ಕಡೆಗೆ ತಿರುಗಿ, ಕಲ್ಲು ಎಳೆದವರೂ ಗೋಡೆ ಕಿತ್ತವರೂ ಮರೆತುಹೋಗುತ್ತಾರೆ.

ನಮ್ಮ ಬಿಸಿಲು ಏರುವ ಮೊದಲೇ ಒಳಕೋಟೆಯ ಪಶ್ಚಿಮದ ಗೋಡೆಯೆದುರು ಹೋಗಿ ನಿಲ್ಲುತ್ತೇವೆ. ಗಾರೆಯಿಲ್ಲದೆ ಜೋಡಿಸಿದ ಆ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದ್ದು, ಓರುಗಲ್ಲಿನ ಕಾಕತೀಯ ಅರಸರ ಕಾಲದಲ್ಲಿ ವಿಠ್ಠಲನಾಥನೆಂಬುವನು ಕೋಟೆ ಕಟ್ಟಿಸಿದ್ದನ್ನು ತಿಳಿಸುವ 1294ರ ಶಾಸನ ಅದರ ಮೇಲಿದೆ. ಅದರ ಪಕ್ಕದಲ್ಲಿಯೇ ಆ ಕಲ್ಲು ಬಂದ ಬಗೆಯನ್ನು ಕೊರೆದಿದ್ದಾರೆ: ಅರಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ನಡುನಡುವೆ ಬಾಲ ತಿರುವಿ ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಮರದ ಸಾಧನ ಕೊಟ್ಟು ನೂಕುವವರು. ಗೆಳೆಯರು ಈ ಕೆತ್ತನೆಯನ್ನು ಮುಟ್ಟದೆ ಸಾವಕಾಶವಾಗಿ ನೋಡಿದ ಮೇಲೆ, ಹತ್ತಿರದ ಬಯಲಿನಲ್ಲಿ 41 ಅಡಿಯ ಹಗ್ಗವನ್ನು ನೆಲದ ಮೇಲೆ ಚಾಚುತ್ತೇನೆ. ಅದೇ ನಮ್ಮ ಕಲ್ಲು. ಇಬ್ಬಿಬ್ಬರು ಕೋಣಗಳ ಜೋಡಿಯಾಗುತ್ತಾರೆ, ಒಬ್ಬರು ಕೂಗು ಹಾಕುತ್ತಾರೆ, ಉಳಿದವರು ಗಾಲಿಯ ಹಿಂದೆ ನಿಲ್ಲುತ್ತಾರೆ. ಹಗ್ಗ ಸೊಟ್ಟಗಾಗದಂತೆ ಒಂದು ತಿರುವನ್ನು ದಾಟಿಸಬೇಕೆಂಬುದೊಂದೇ ನಿಯಮ. ಮುಂದಿನ ಜೋಡಿ ತಿರುಗಿದಾಗ ಹಿಂದಿನ ಜೋಡಿ ಇನ್ನೂ ನೇರಕ್ಕೆ ನಡೆಯುತ್ತಿರುವುದರಿಂದ, ನಡುವೆ ಕೂಗುವ ಆಳುಗಳನ್ನು ಏಕೆ ಕೊರೆದಿದ್ದಾರೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

1520ರ ಮುತ್ತಿಗೆಯನ್ನು ಮಾತ್ರ ಮನೆಯ ಅಂಗಳದಲ್ಲಿ ಆಡುತ್ತೇವೆ, ಏಕೆಂದರೆ ನಿಜವಾದ ಗೋಡೆಯ ಮೇಲೆ ಹತ್ತಾಟ ಸಲ್ಲದು. ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ವಶದಲ್ಲಿದ್ದ ಈ ಕೋಟೆಯನ್ನು ಮುತ್ತಿದ್ದು, ನಡುವೆ ಕೃಷ್ಣಾ ತೀರದಲ್ಲಿ ಆದಿಲ್ ಶಾಹನನ್ನು ಸೋಲಿಸಿ ಮರಳಿ ಬಂದು ಕೋಟೆಯನ್ನು ಹಿಡಿದದ್ದು, ಇವೆಲ್ಲವನ್ನೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರಕ್ಕೆ ತಕ್ಕಂತೆ ಸೈನಿಕರಿಗೆ ಹಣ ಸಿಗುತ್ತಿತ್ತೆಂದು ಅವನು ಹೇಳಿರುವುದೇ ನಮ್ಮ ಆಟದ ಆಧಾರ. ಹೊರಸನ್ನು (ಹಗ್ಗದ ಮಂಚವನ್ನು) ಅಡ್ಡ ನಿಲ್ಲಿಸಿ, ಅದರ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ ಗೋಡೆ ಮಾಡುತ್ತೇವೆ. ಪೆಟ್ಟಿಗೆ ತಂದವರಿಗೆ ಹುಣಸೆಬೀಜದಲ್ಲಿ ಕೂಲಿ. ಹೊರಸಿನ ಹಿಂದಿರುವವರು ಬಟ್ಟೆಯ ಚೆಂಡು ಎಸೆಯುವಾಗ ಯಾರೂ ಹತ್ತಿರ ಸುಳಿಯಲಾಗುವುದಿಲ್ಲ. ಆಗ ರಾಯನ ನೆರವಿಗೆ ನಿಂತಿದ್ದ ಪೋರ್ಚುಗೀಸ ಕ್ರಿಸ್ತೊವಾವೊ ದ ಫಿಗೈರೆಡೊ ಮತ್ತು ಅವನ ಕೋವಿಕಾರರ ಪಾತ್ರದವರು ಬರುತ್ತಾರೆ: ಹೊರಸಿನ ಮೇಲೆ ತಲೆ ಕಾಣಿಸಿದವರ ಹೆಸರನ್ನು ಇವರು ಕೂಗಿದರೆ ಅವರು ಆಟದಿಂದ ಹೊರಗೆ. ಗೋಡೆಯ ಮೇಲಿನವರು ತಲೆ ತಗ್ಗಿಸಿದೊಡನೆ ಕಲ್ಲು ಕೀಳುವವರಿಗೆ ದಾರಿಯಾಗುತ್ತದೆ. ಕೋಟೆಯ ಅಧಿಪತಿಯು ಇಣುಕಿ ನೋಡುವಾಗ ಹಣೆಗೆ ಗುಂಡು ತಗುಲಿ ಸತ್ತನೆಂಬ ನ್ಯೂನಿಜ್‌ನ ಮಾತಿನಂತೆ ನಮ್ಮ ಆಟದ ಕಾಳಗವೂ ಅಲ್ಲಿಗೇ ನಿಲ್ಲುತ್ತದೆ.

ಇದನ್ನು ಎರಡು ಧರ್ಮಗಳ ಕಾಳಗವಾಗಿ ಆಡಿಸಲು ನಾನು ಒಪ್ಪುವುದಿಲ್ಲ. ರಾಯನ ಪಡೆಯಲ್ಲಿ ಮುಸ್ಲಿಂ ಸೈನಿಕರಿದ್ದರು. ಪಾತ್ರ ಹಂಚುವಾಗಲೇ ಇದನ್ನು ಹೇಳಿಬಿಡುತ್ತೇನೆ.

ಹೆಚ್ಚಿನ ಸಮಯವನ್ನು ನಾನು ಕೊಡುವುದು ಶರಣಾಗತಿಯ ನಂತರದ ಭಾಗಕ್ಕೆ. ಊರವರ ಆಸ್ತಿಗೆ ಧಕ್ಕೆಯಿಲ್ಲ, ಹೋಗಬಯಸುವವರು ತಮ್ಮ ಸರಕಿನೊಡನೆ ಹೋಗಬಹುದು ಎಂದು ರಾಯನು ಅಭಯವಿತ್ತನೆಂದು ನ್ಯೂನಿಜ್ ಬರೆಯುತ್ತಾನೆ. ಎಲ್ಲರೂ ಊರವರಾಗಿ ಕುಳಿತು, ರಾಯನ ಪಾತ್ರದವರನ್ನು ಪ್ರಶ್ನಿಸಬೇಕು: ನಮ್ಮ ಜೋಳ ತುಂಬಿದ ನೆಲದಡಿಯ ಹಗೇವು ಯಾರದು, ಸೈನಿಕರು ಎಲ್ಲಿ ಇಳಿದುಕೊಳ್ಳುತ್ತಾರೆ, ಈ ವರ್ಷದ ಕಂದಾಯ ಮತ್ತೆ ಕಟ್ಟಬೇಕೆ? ಉತ್ತರ ಕೇಳಿದ ಮೇಲೆ ಇರುವವರು ಒಂದು ಕಡೆ, ಹೊರಡುವವರು ಇನ್ನೊಂದು ಕಡೆ ನಿಲ್ಲಬೇಕು. ಹಾಗೆ ನಿಂತ ಬಳಿಕವೇ, 1529ರಲ್ಲಿ ರಾಯನು ತೀರಿಕೊಂಡು ಸ್ವಲ್ಪ ಕಾಲದಲ್ಲೇ ಇಸ್ಮಾಯಿಲ್ ಆದಿಲ್ ಶಾಹನು ರಾಯಚೂರನ್ನು ಮರಳಿ ಪಡೆದ ಸಂಗತಿಯನ್ನು ತಿಳಿಸಿ, ಅರಸನ ಪಾತ್ರವನ್ನು ಬದಲಿಸಿ, ಉಳಿದವರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಲು ಹೇಳುತ್ತೇನೆ.